ನಾನು ಏನನ್ನೂ ಹೇಳಲಿಲ್ಲ. ಆದರೂ ಗೌಪ್ಯತೆ ಉಳಿಯಲಿಲ್ಲ. ಎಲ್ಲಿ ತಪ್ಪಿದೆ?

ಪ್ರಶ್ನೆ: ಕಾಲೇಜೊಂದರ ಆಪ್ತಸಮಾಲೋಚಕಿ, ಮಂಗಳೂರು

ಮಾನ್ಯರೇ,

ನಾನು ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ನಾಲ್ಕು ವರ್ಷಗಳಿಂದ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಆಪ್ತಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಿದ್ದೇನೆ. ಅದರಲ್ಲಿ ವೃತ್ತಿನೀತಿಗೆಂದೇ ಒಂದು ಪತ್ರಿಕೆ ಇತ್ತು. ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಇದನ್ನು ಹೇಳುತ್ತಿರುವುದು, ನಿಯಮ ಗೊತ್ತಿಲ್ಲದೆ ಆದ ತಪ್ಪು ಇದಲ್ಲ ಎಂದು ತಿಳಿಸುವುದಕ್ಕಾಗಿ ಮಾತ್ರ.

ಈ ವರ್ಷ ನಮ್ಮ ಹಾಸ್ಟೆಲಿನ ಒಬ್ಬ ವಿದ್ಯಾರ್ಥಿನಿ ಕೆಲವು ತಿಂಗಳು ನನ್ನಲ್ಲಿಗೆ ಬರುತ್ತಿದ್ದಳು. ಆಕೆಗೆ ಹತ್ತೊಂಬತ್ತು ತುಂಬಿದೆ. ಮೊದಲು ಪರೀಕ್ಷೆಯ ಭಯವೆಂದು ಬಂದವಳು, ನಿಧಾನವಾಗಿ ತಾನು ಬೇರೆ ಸಮುದಾಯದ ಯುವಕನೊಬ್ಬನನ್ನು ಇಷ್ಟಪಟ್ಟಿರುವುದನ್ನು ಹೇಳಿದಳು. ನಮ್ಮ ಕರಾವಳಿಯಲ್ಲಿ ಇಂತಹ ಸಂಗತಿ ಹೊರಬಿದ್ದರೆ ಏನೇನಾಗಬಹುದು ಎಂಬುದನ್ನು ಇಲ್ಲಿ ಓದುವವರಿಗೆ ವಿವರಿಸಬೇಕಾಗಿಲ್ಲ. ಆಕೆ ನಂಬಿಕೆಯಿಂದ ಹೇಳಿದ್ದಳು. ನಾನು ಯಾರ ಬಳಿಯೂ ಆ ಮಾತೆತ್ತಲಿಲ್ಲ.

ಒಂದು ದಿನ ಪ್ರಾಂಶುಪಾಲರು ನನ್ನನ್ನು ತಮ್ಮ ಕೊಠಡಿಗೆ ಕರೆಸಿದರು. ಅಲ್ಲಿ ಆಕೆಯ ತಂದೆ ಮತ್ತು ಸೋದರಮಾವ ಕುಳಿತಿದ್ದರು. ಯಾರೂ ಗದರಲಿಲ್ಲ, ಎಲ್ಲರಿಗೂ ಚಹಾ ಬಂತು. "ಅವಳು ನಿಮ್ಮಲ್ಲಿಗೆ ಬರುತ್ತಿದ್ದಾಳಂತೆ, ಹೌದಾ ಮೇಡಂ?" ಎಂದು ತಂದೆ ಕೇಳಿದರು. ಹೌದೆಂದೆ. ಓದಿನಲ್ಲಿ ಹೇಗಿದ್ದಾಳೆ ಎಂದರು. ಪರೀಕ್ಷೆಯ ಭಯವಿತ್ತು, ಈಗ ಎಷ್ಟೋ ವಾಸಿ ಎಂದೆ. ಮನೆಯ ಬಗ್ಗೆ ಏನಾದರೂ ಬೇಸರ ಹೇಳಿಕೊಂಡಿದ್ದಾಳಾ ಎಂದರು, ಹಾಗೇನೂ ಇಲ್ಲವೆಂದೆ. ಆಮೇಲೆ ಸೋದರಮಾವ, "ಯಾರಾದರೂ ಹುಡುಗನ ವಿಷಯ ಉಂಟಾ?" ಎಂದು ಕೇಳಿದರು. "ಅದನ್ನು ನಾನು ಹೇಳುವಂತಿಲ್ಲ" ಎಂದು ಉತ್ತರಿಸಿದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ಕಂಡ ಕ್ಷಣವೇ ನನಗೆ ಅರ್ಥವಾಯಿತು. ಮರುದಿನ ಆಕೆಯನ್ನು ಹಾಸ್ಟೆಲಿನಿಂದ ಮನೆಗೆ ಕರೆದೊಯ್ದರು. ಆಕೆ ತರಗತಿಗೆ ಬಾರದೆ ಈಗ ಮೂರು ವಾರಗಳಾಗಿವೆ.

ನನ್ನ ಪ್ರಶ್ನೆ ಎರಡು. ನಾನು ಯಾವ ಗುಟ್ಟನ್ನೂ ಹೇಳಲಿಲ್ಲ, ಸುಳ್ಳನ್ನೂ ಆಡಲಿಲ್ಲ. ಆದರೂ ಆಕೆಯ ನಂಬಿಕೆ ನನ್ನ ಬಾಯಿಂದಲೇ ಮುರಿಯಿತು. ತಪ್ಪಿದ್ದೆಲ್ಲಿ? ಇನ್ನು, ಪರೀಕ್ಷೆಯಲ್ಲಿ ಸರಿಯಾಗಿ ಉತ್ತರ ಬರೆಯಬಲ್ಲವಳಿಗೆ ಆ ಕೊಠಡಿಯಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲವೆಂದಾದರೆ, ವೃತ್ತಿಯಲ್ಲಿ ನೈತಿಕ ಸಾಮರ್ಥ್ಯ ಎನ್ನುವುದು ಯಾವುದರಿಂದ ಬರುತ್ತದೆ? ಹಿರಿಯರು ದಯವಿಟ್ಟು ತಿಳಿಸಬೇಕು.

(ತಿದ್ದುಪಡಿ: ಕೆಳಗಿನ ಸಲಹೆಯಂತೆ ವಿದ್ಯಾರ್ಥಿನಿಯ ಊರು ಮತ್ತು ಓದುತ್ತಿರುವ ವಿಷಯವನ್ನು ತೆಗೆದುಹಾಕಿದ್ದೇನೆ. ಇನ್ನೂ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.)


ಉತ್ತರ 1: ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಉಡುಪಿ

ಮೇಡಂ, ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪ್ರಶ್ನೆಯಲ್ಲಿ ಆ ಹುಡುಗಿಯ ಊರಿನ ಹೆಸರೂ ಆಕೆ ಓದುವ ವಿಷಯವೂ ಇವೆ. ನಮ್ಮ ಎರಡು ಜಿಲ್ಲೆಗಳಲ್ಲಿ ಅಷ್ಟು ಸಾಕು, ಸಂಜೆಯೊಳಗೆ ಯಾರೆಂದು ಪತ್ತೆಯಾಗುತ್ತದೆ. ಅವನ್ನು ಈಗಲೇ ತೆಗೆಯಿರಿ. ಸಲಹೆ ಕೇಳುವಾಗಲೂ ಕೇಳುವುದಕ್ಕೆ ಬೇಕಾದಷ್ಟನ್ನು ಮಾತ್ರ ಹೇಳಬೇಕು.

ನೀವು ತಪ್ಪಿದ್ದು ಮೊದಲನೆಯ ಪ್ರಶ್ನೆಯಲ್ಲಿ. ಆಕೆ ನಿಮ್ಮಲ್ಲಿಗೆ ಬರುತ್ತಾಳೆ ಎಂಬುದೇ ಗೌಪ್ಯವಾದ ಸಂಗತಿ. ಅದನ್ನು ಒಪ್ಪಿಕೊಂಡ ಮೇಲೆ ಎರಡಕ್ಕೂ ಮೂರಕ್ಕೂ ಧಾರಾಳವಾಗಿ ಉತ್ತರ ಕೊಟ್ಟಿರಿ. ಇಲ್ಲದ್ದನ್ನು ಇಲ್ಲವೆಂದು ಹೇಳುವವರು ನೀವು ಎಂದು ಕೇಳುವವರಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ಹಾಗಾಗಿ ನಾಲ್ಕನೆಯದಕ್ಕೆ ಬಾಯಿ ಮುಚ್ಚಿದಾಗ ಆ ಮೌನವೇ ಹೌದೆಂದು ನುಡಿಯಿತು. ಪ್ರಾಂಶುಪಾಲರ ಕೊಠಡಿಯಲ್ಲಿ ಹೇಳಬೇಕಾಗಿದ್ದ ಮಾತು ಹೀಗಿದೆ: "ಯಾವ ವಿದ್ಯಾರ್ಥಿ ನನ್ನಲ್ಲಿಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಾನು ಯಾರ ವಿಷಯದಲ್ಲೂ ಹೇಳುವುದಿಲ್ಲ. ನಿಮಗೆ ಮಗಳ ಬಗ್ಗೆ ಏನು ಆತಂಕವಿದೆ, ಅದನ್ನು ನನಗೆ ಹೇಳಿ, ಕೇಳುತ್ತೇನೆ." ಇದನ್ನು ನಿಮ್ಮಲ್ಲಿಗೆ ಎಂದೂ ಬಾರದ ವಿದ್ಯಾರ್ಥಿಯ ತಂದೆತಾಯಿಗೂ ಹೇಳಬೇಕು. ಬಾರದವರ ವಿಷಯದಲ್ಲಿ "ಬರುವುದಿಲ್ಲ" ಎಂದು ಸಮಾಧಾನ ಹೇಳಿ ಕಳುಹಿಸುವ ರೂಢಿಯಿದ್ದರೆ, ಬರುವವರ ವಿಷಯದಲ್ಲಿ ನಿಮ್ಮ ಮೌನಕ್ಕೆ ಬೆಲೆ ಇರುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ರೆಸ್ಟ್ 1980ರ ದಶಕದಲ್ಲಿ ನೈತಿಕ ನಡೆಯ ಹಿಂದೆ ನಾಲ್ಕು ಬೇರೆ ಬೇರೆ ಶಕ್ತಿಗಳಿರುತ್ತವೆ ಎಂದು ವಿವರಿಸಿದರು. ಎದುರಿಗಿರುವುದು ನೀತಿಯ ಪ್ರಶ್ನೆ ಎಂದು ಗುರುತಿಸುವ ಸೂಕ್ಷ್ಮತೆ ಒಂದು. ಯಾವುದು ಸರಿ ಎಂದು ವಿವೇಚಿಸುವುದು ಇನ್ನೊಂದು. ಬೇರೆ ಲಾಭನಷ್ಟಗಳಿಗಿಂತ ಆ ಸರಿಯಾದದ್ದನ್ನೇ ಮೇಲಿಡುವ ಮನಸ್ಸು ಮತ್ತೊಂದು. ಒತ್ತಡದ ನಡುವೆ ಅದನ್ನು ಮಾಡಿ ಮುಗಿಸುವ ಧೃತಿ ಮತ್ತು ಕೌಶಲ ಕೊನೆಯದು. ಒಂದಿದ್ದಲ್ಲಿ ಉಳಿದದ್ದು ಇದ್ದೇ ಇರುತ್ತದೆ ಎನ್ನುವಂತಿಲ್ಲ. ನಮ್ಮ ಪರೀಕ್ಷೆಗಳು ಅಳೆಯುವುದು ಎರಡನೆಯದನ್ನು ಮಾತ್ರ. "ಗೌಪ್ಯತೆಯನ್ನು ಮುರಿಯಬಹುದೇ?" ಎಂದು ಪ್ರಶ್ನೆಪತ್ರಿಕೆ ನೇರವಾಗಿ ಕೇಳುತ್ತದೆ. ಪ್ರಾಂಶುಪಾಲರ ಕೊಠಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಅಲ್ಲಿ ಪ್ರಶ್ನೆ ಚಹಾದೊಂದಿಗೆ, ಕುಶಲ ವಿಚಾರಣೆಯ ರೂಪದಲ್ಲಿ ಬರುತ್ತದೆ. "ಬರುತ್ತಿದ್ದಾಳಂತೆ, ಹೌದಾ?" ಎಂಬಲ್ಲಿ ನೀತಿಯ ಪ್ರಶ್ನೆ ಅಡಗಿದೆ ಎಂದು ಆ ಗಳಿಗೆಯಲ್ಲಿ ನಿಮಗೆ ಹೊಳೆಯಲಿಲ್ಲ. ಹೊಳೆದಾಗ ಆಡಬೇಕಾದ ಮಾತು ನಾಲಿಗೆಯ ಮೇಲೆ ಸಿದ್ಧವಾಗಿರಲಿಲ್ಲ.

ಇದನ್ನು ನಾನು ಹೇಳುತ್ತಿರುವುದು ನನ್ನದೇ ತಪ್ಪಿನಿಂದ ಕಲಿತು. ವೃತ್ತಿಗೆ ಬಂದ ಹೊಸತರಲ್ಲಿ ಒಮ್ಮೆ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಪುವಿನಲ್ಲಿ ಒಬ್ಬರು ಹತ್ತಿದರು. ಕುಡಿತ ಬಿಡಲು ನನ್ನಲ್ಲಿಗೆ ಬರುತ್ತಿದ್ದವರು, ಬಹಳ ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿದ್ದವರು. ಸಂತೋಷದಿಂದ ನಾನೇ ಕೂಗಿ, "ಎರಡು ವಾರದಿಂದ ಕಾಣಲಿಲ್ಲವಲ್ಲ, ಹೇಗಿದ್ದೀರಿ?" ಎಂದು ಕೇಳಿಬಿಟ್ಟೆ. ಅವರ ಜೊತೆಗಿದ್ದದ್ದು ಹೆಂಡತಿಯ ಅಣ್ಣ. ಇವರನ್ನು ನೀನು ಹೇಗೆ ಬಲ್ಲೆ ಎಂದು ಆತ ಕೇಳಿದ್ದು ನನಗೆ ಕೇಳಿಸಿತು, ಉತ್ತರ ಕೇಳಿಸಲಿಲ್ಲ. ಆಮೇಲೆ ಆ ಮನುಷ್ಯ ನನ್ನಲ್ಲಿಗೆ ಬರಲೇ ಇಲ್ಲ. ಅಂದಿನಿಂದ ಮೊದಲ ಭೇಟಿಯಲ್ಲೇ ಹೇಳುತ್ತೇನೆ: ಹೊರಗೆ ಎಲ್ಲಿ ಸಿಕ್ಕಿದರೂ ನಾನಾಗಿ ನಿಮ್ಮನ್ನು ಮಾತನಾಡಿಸುವುದಿಲ್ಲ, ನೀವು ಮಾತನಾಡಿಸಿದರೆ ಮಾತನಾಡುತ್ತೇನೆ, ಇದನ್ನು ಉದಾಸೀನವೆಂದು ತಿಳಿಯಬೇಡಿ. ಕೋಲದ ಗದ್ದೆಯಲ್ಲಿ, ಚರ್ಚಿನ ಹಬ್ಬದಲ್ಲಿ, ಮದುವೆ ಹಾಲ್‌ನ ಊಟದ ಪಂಕ್ತಿಯಲ್ಲಿ ಎಲ್ಲರೂ ಎಲ್ಲರಿಗೂ ಎದುರಾಗುವ ಊರು ನಮ್ಮದು. ದೊಡ್ಡ ನಗರಗಳಿಗಾಗಿ ಬರೆದ ನೀತಿಸಂಹಿತೆಗಳು ಇದನ್ನು ಅಷ್ಟಾಗಿ ಗಮನಿಸುವುದಿಲ್ಲ, ನಾವೇ ಯೋಚಿಸಿಟ್ಟುಕೊಳ್ಳಬೇಕು.

ಸಾಮರ್ಥ್ಯ ಯಾವುದರಿಂದ ಬರುತ್ತದೆ ಎಂದರೆ, ಮುಂಚಿತವಾಗಿ ಆಡಿ ನೋಡುವುದರಿಂದ ಮತ್ತು ಆದ ಮೇಲೆ ಮತ್ತೊಬ್ಬ ವೃತ್ತಿನಿರತರ ಮುಂದೆ ಬಿಚ್ಚಿಡುವುದರಿಂದ ಎಂಬುದು ನನ್ನ ಅನುಭವ. ತಿಂಗಳಿಗೊಮ್ಮೆಯಾದರೂ ನಿಮ್ಮ ಕೆಲಸವನ್ನು ಒರೆಗೆ ಹಚ್ಚುವ ಹಿರಿಯರೊಬ್ಬರು, ಅಂದರೆ ಸೂಪರ್‌ವೈಸರ್, ನಿಮಗೆ ಇದ್ದಾರೆಯೇ? ನಿಮ್ಮ ಬರಹದಲ್ಲಿ ಅಂಥವರ ಸುಳಿವಿಲ್ಲ. ಕಾಲೇಜಿನಲ್ಲಿ ಒಬ್ಬರೇ ಆಪ್ತಸಮಾಲೋಚಕರಿದ್ದು, ಅವರ ಮೇಲೆ ಪ್ರಾಂಶುಪಾಲರು ಮಾತ್ರ ಇರುವ ವ್ಯವಸ್ಥೆ ಅಪಾಯಕಾರಿ. ಸಂಬಳ ಕೊಡುವವರೇ ನೀತಿಯ ವಿಷಯದಲ್ಲೂ ಮೇಲಿನವರಾಗಿಬಿಡುತ್ತಾರೆ.


ಉತ್ತರ 2: ವಕೀಲ, ಮಂಗಳೂರು

ಕಾನೂನಿನ ಭಾಗವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಅನೇಕ ಆಪ್ತಸಮಾಲೋಚಕರು ಇದನ್ನು ಅರ್ಧ ತಿಳಿದು ಭರವಸೆ ಕೊಡುವುದನ್ನು ನ್ಯಾಯಾಲಯದಲ್ಲಿ ಕಂಡಿದ್ದೇನೆ.

ಹದಿನೆಂಟು ತುಂಬಿದ ವ್ಯಕ್ತಿ ಪ್ರಾಪ್ತವಯಸ್ಕ. ಶುಲ್ಕ ಕಟ್ಟುತ್ತೇವೆ ಎಂಬ ಕಾರಣಕ್ಕೆ ಆಕೆಯ ಮಾತುಗಳನ್ನು ತಿಳಿಯುವ ಹಕ್ಕು ತಂದೆಗೆ ಬರುವುದಿಲ್ಲ. ಸೋದರಮಾವನಿಗಂತೂ ಬರುವುದೇ ಇಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ತೀರ್ಪಿತ್ತಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ 23ನೆಯ ಪ್ರಕರಣವು (ಸೆಕ್ಷನ್) ಚಿಕಿತ್ಸೆ ನೀಡುವವರ ಮೇಲೆ ಗೌಪ್ಯತೆಯ ಕರ್ತವ್ಯವನ್ನು ಹೊರಿಸಿ, ಯಾವಾಗ ಹೇಳಬಹುದು ಎಂಬುದನ್ನೂ ತಿಳಿಸುತ್ತದೆ: ಜೀವಕ್ಕೆ ಅಪಾಯವಿದ್ದಾಗ, ಮತ್ತೊಬ್ಬರನ್ನು ಹಾನಿ ಅಥವಾ ಹಿಂಸೆಯಿಂದ ಕಾಪಾಡಬೇಕಾದಾಗ, ನ್ಯಾಯಾಲಯ ಆದೇಶಿಸಿದಾಗ ಮುಂತಾಗಿ. ಆದರೆ ಆ ಕಾಯ್ದೆಯಲ್ಲಿ "ಮಾನಸಿಕ ಆರೋಗ್ಯ ವೃತ್ತಿನಿರತರು" ಎಂಬ ವ್ಯಾಖ್ಯೆಯೊಳಗೆ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಮಾನಸಿಕ ಆರೋಗ್ಯ ದಾದಿಯರು ಹೆಸರಿನಿಂದ ಬರುತ್ತಾರೆ. ಕಾಲೇಜಿನ ಆಪ್ತಸಮಾಲೋಚಕರು ಹಾಗೆ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಇತರ ಮನಃಶಾಸ್ತ್ರಜ್ಞರನ್ನೂ ಕೆಲವು ಬಗೆಯ ಸಮಾಲೋಚಕರನ್ನೂ 2021ರ ಸಹಾಯಕ ಮತ್ತು ಆರೋಗ್ಯ ಪಾಲನಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಅನುಸೂಚಿಯಲ್ಲಿ ಸೇರಿಸಿದೆ.

ಇನ್ನು, "ನೀನು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ" ಎಂಬ ಮಾತನ್ನು ಎಂದೂ ಕೊಡಬೇಡಿ. ಕಕ್ಷಿದಾರ ನನಗೆ ಹೇಳಿದ್ದಕ್ಕೆ ಸಾಕ್ಷ್ಯ ಕಾನೂನಿನ ರಕ್ಷಣೆಯಿದೆ. ನಿಮಗೆ ಹೇಳಿದ್ದಕ್ಕೆ ಆ ರಕ್ಷಣೆಯಿಲ್ಲ. ಸಮನ್ಸ್ ಬಂದರೆ ನೀವು ಹೋಗಬೇಕು, ಕಡತವನ್ನೂ ಒಯ್ಯಬೇಕಾಗಬಹುದು. ಹಾಗಾಗಿ ಊಹೆಗಳನ್ನೂ ಮೂರನೆಯವರ ಹೆಸರುಗಳನ್ನೂ ಕಡತದಲ್ಲಿ ತುಂಬಬೇಡಿ. ಹದಿನೆಂಟರೊಳಗಿನವರ ವಿಷಯವೇ ಬೇರೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೆಯ ಪ್ರಕರಣದಂತೆ, ಅಪರಾಧ ನಡೆದಿದೆ ಎಂದು ತಿಳಿದ ಯಾವ ವ್ಯಕ್ತಿಯೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಪ್ರಕರಣದಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಅಥವಾ ಎರಡೂ. ಹದಿನೇಳು ವರ್ಷದವಳ ಸಮ್ಮತಿಯ ಸಂಬಂಧವೂ ಈ ಕಾಯ್ದೆಯ ಒಳಗೇ ಬರುತ್ತದೆ. ಪಿಯು ಕಾಲೇಜಿನ ಆಪ್ತಸಮಾಲೋಚಕರು ಇದನ್ನು ಮಗು ಬಾಯಿ ಬಿಡುವ ಮೊದಲೇ ಅದಕ್ಕೆ ಅರ್ಥವಾಗುವ ಮಾತಿನಲ್ಲಿ ತಿಳಿಸದೆ, ಎಲ್ಲವನ್ನೂ ಕೇಳಿಸಿಕೊಂಡು, ಆಮೇಲೆ ಕಾನೂನು ತೋರಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ.

ಗೌಪ್ಯತೆಯನ್ನು ಮುರಿಯಲೇಬೇಕಾದಾಗ ಅದನ್ನು ಹೇಗೆ ಮುರಿಯಬೇಕು ಎಂಬುದಕ್ಕೆ ನಮ್ಮ ಕಾನೂನಿನಲ್ಲೇ ಒಂದು ಮಾದರಿಯಿದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017ರ 9ನೆಯ ಪ್ರಕರಣದಂತೆ ಸೋಂಕಿತರ ಸಂಗಾತಿಗೆ ಆ ವಿಷಯವನ್ನು ತಿಳಿಸಲು ವೈದ್ಯರಿಗೂ ಆಪ್ತಸಮಾಲೋಚಕರಿಗೂ ಮಾತ್ರ ಅವಕಾಶವುಂಟು. ಅದೂ ಸಂಗಾತಿಗೆ ಗಣನೀಯ ಅಪಾಯವಿದೆ ಎಂದು ನಂಬಲು ಕಾರಣವಿರಬೇಕು, ತಾವೇ ತಿಳಿಸುವಂತೆ ಸೋಂಕಿತರಿಗೆ ಮೊದಲು ಸಲಹೆ ನೀಡಿರಬೇಕು, ಅವರು ತಿಳಿಸಲಾರರು ಎಂದು ಖಚಿತವಾಗಿರಬೇಕು, ತಾನು ತಿಳಿಸಲಿದ್ದೇನೆ ಎಂಬುದನ್ನು ಸೋಂಕಿತರಿಗೆ ಹೇಳಿರಬೇಕು. ಬೇರೆ ಸಂದರ್ಭಗಳಿಗೂ ಈ ಕ್ರಮ ಒಪ್ಪುತ್ತದೆ.

ಆ ಯುವತಿಯ ಸುರಕ್ಷತೆಯ ಮಾತನ್ನು ಇದುವರೆಗೆ ಯಾರೂ ಎತ್ತಿಲ್ಲ. ಪ್ರಾಪ್ತವಯಸ್ಕರ ಮದುವೆಯ ಆಯ್ಕೆಯಲ್ಲಿ ಕುಟುಂಬವಾಗಲಿ ಊರಾಗಲಿ ಅಡ್ಡಬರುವಂತಿಲ್ಲವೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿ, ಅಂಥವರ ರಕ್ಷಣೆಗೆ ಜಿಲ್ಲೆಗಳಲ್ಲಿ ವಿಶೇಷ ಘಟಕಗಳಿರಬೇಕೆಂದು ನಿರ್ದೇಶಿಸಿದೆ. ಆಕೆಗೆ ಮನೆಯಲ್ಲಿ ಹಿಂಸೆಯಾಗುತ್ತಿದೆ ಎಂಬ ಸೂಚನೆ ಸಿಕ್ಕರೆ ಮಹಿಳಾ ಸಹಾಯವಾಣಿ 181 ಇದೆ.


ಉತ್ತರ 3: ಒಬ್ಬ ತಾಯಿ, ಉಡುಪಿ ಜಿಲ್ಲೆ

ನಾನು ಈ ವೃತ್ತಿಯವಳಲ್ಲ. ನೀವೆಲ್ಲ ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ನನ್ನ ಮಗನಿಗೆ ಹದಿನೆಂಟು ತುಂಬಿ ಮೂರೇ ತಿಂಗಳಾಗಿತ್ತು. ಊರಿಂದ ದೂರ ಹಾಸ್ಟೆಲಿನಲ್ಲಿದ್ದ. ಫೋನಿನಲ್ಲಿ "ಆರಾಮ ಇದ್ದೇನೆ ಅಮ್ಮ" ಎನ್ನುತ್ತಿದ್ದ. ಅಲ್ಲಿನ ಆಪ್ತಸಮಾಲೋಚಕರ ಬಳಿ ಅವನು ಬದುಕುವುದೇ ಬೇಡವೆನಿಸುತ್ತದೆ ಎಂದು ಹೇಳಿದ್ದನಂತೆ. ಅವರು ಕೇಳಿ, ಸಮಾಧಾನ ಹೇಳಿ, ಮುಂದಿನ ವಾರ ಬಾ ಎಂದು ಕಳುಹಿಸಿದ್ದರು. ಆ ವಾರದೊಳಗೆ ಒಂದು ರಾತ್ರಿ ಅವನ ಸ್ನೇಹಿತರು ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರು ದೊಡ್ಡವನು, ಉಳಿದ. ನಾವು ಹೋಗಿ ಕೇಳಿದಾಗ, "ಗೌಪ್ಯತೆಯ ಕಾರಣದಿಂದ ತಿಳಿಸಲಿಲ್ಲ" ಎಂಬ ಉತ್ತರ ಬಂತು. ಹದಿನೆಂಟು ವರ್ಷ ಸಾಕಿದವರಿಗೆ ಒಂದು ಫೋನ್ ಮಾಡದ ನೀತಿ ಯಾರಿಗಾಗಿ? ಈ ಹುಡುಗಿಯ ತಂದೆಯೂ ಹೀಗೆಯೇ ಹೆದರಿ ಬಂದಿರಬಹುದಲ್ಲವೇ?


ಉತ್ತರ 4: ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಉಡುಪಿ

ಅಮ್ಮ, ನಿಮಗಾದದ್ದು ಅನ್ಯಾಯ. ಅಲ್ಲಿ ಗೌಪ್ಯತೆ ಎಂಬ ಮಾತನ್ನು ಹೇಳಿದವರು ಅದರ ಅರ್ಥವನ್ನೇ ತಿಳಿದಿರಲಿಲ್ಲ. ಬದುಕುವುದು ಬೇಡವೆಂದು ಹೇಳಿದವರನ್ನು ಮುಂದಿನ ವಾರಕ್ಕೆ ಕಳುಹಿಸಲು ಯಾವ ನೀತಿಸಂಹಿತೆಯೂ ಒಪ್ಪುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ ಹೇಳಬಹುದೆಂದು ವಕೀಲರು ಉಲ್ಲೇಖಿಸಿದ 23ನೆಯ ಪ್ರಕರಣವೇ ಹೇಳುತ್ತದೆ.

ಆ ಸಂದರ್ಭದಲ್ಲಿ ಮಾಡಬೇಕಾದದ್ದನ್ನು ಇಲ್ಲಿ ಬರೆದಿಡುತ್ತೇನೆ, ಓದುವ ಕಿರಿಯ ವೃತ್ತಿನಿರತರಿಗಾಗಿ. ಸಾಯುವ ಯೋಚನೆ ಬರುತ್ತದೆಯೇ, ಹೇಗೆಂದು ಯೋಚಿಸಿದ್ದೀಯಾ, ಇಂದು ರಾತ್ರಿ ನಿನ್ನ ಜೊತೆ ಯಾರಿರುತ್ತಾರೆ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ತಪ್ಪು; ಕೇಳಿಸಿಕೊಂಡವರಿಗೆ ಹೆಚ್ಚಾಗಿ ಹಗುರವೇ ಆಗುತ್ತದೆ. ಅಪಾಯವಿದೆ ಎಂದು ಕಂಡರೆ, "ಇದನ್ನು ನಾನೊಬ್ಬನೇ ಇಟ್ಟುಕೊಳ್ಳಲಾರೆ, ನಿನ್ನ ಮನೆಯಲ್ಲಿ ಯಾರಿಗೆ ಮೊದಲು ಹೇಳೋಣ?" ಎಂದು ಅವನನ್ನೇ ಕೇಳಿ, ಅವನು ಕುಳಿತಿರುವಾಗಲೇ ಫೋನ್ ಮಾಡಬೇಕು. ಬೇಕಾದಷ್ಟನ್ನು ಮಾತ್ರ ತಿಳಿಸಬೇಕು: ಜೀವದ ಅಪಾಯವಿದೆ, ಈಗಲೇ ಬನ್ನಿ, ಒಬ್ಬನೇ ಬಿಡಬೇಡಿ. ಕಾರಣವಾದ ಪ್ರೇಮವೋ ಸಾಲವೋ ಅನುತ್ತೀರ್ಣವೋ ಆ ಫೋನಿನಲ್ಲಿ ಬರಬೇಕಾಗಿಲ್ಲ. ಅಂದೇ ಮನೋವೈದ್ಯರ ಬಳಿಗೆ ಕಳುಹಿಸಬೇಕು. ರಾತ್ರಿಯಾಗಿದ್ದರೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಪೊಲೀಸ್ ಕೇಸು ಆಗುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೆಯ ಪ್ರಕರಣವು ಆತ್ಮಹತ್ಯೆಯ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮೇ ಇಲ್ಲ.

ಆದರೆ ಆ ಹುಡುಗಿಯ ವಿಷಯ ಬೇರೆ. ಆಕೆಯ ಪ್ರಾಣಕ್ಕೆ ಆಕೆಯಿಂದ ಅಪಾಯವಿದ್ದಂತೆ ಕಾಣುವುದಿಲ್ಲ. ಮನೆಯವರ ಆತಂಕ ನಿಜವೇ ಇರಬಹುದು. ಹೆದರಿದ ತಂದೆಯನ್ನು ನಾವು ಗೌರವದಿಂದ ಕೇಳಿಸಿಕೊಳ್ಳಲೇಬೇಕು. ಕೇಳಿಸಿಕೊಳ್ಳುವುದು ನಮ್ಮ ಕೆಲಸ, ಆಕೆ ಹೇಳಿದ್ದನ್ನು ದಾಟಿಸುವುದು ನಮ್ಮ ಕೆಲಸವಲ್ಲ. ಕ್ಯಾಲಿಫೋರ್ನಿಯಾದ ತರಸಾಫ್ ಪ್ರಕರಣವನ್ನು ನಮ್ಮಲ್ಲಿ ಪಾಠ ಮಾಡುತ್ತಾರೆ. 1969ರಲ್ಲಿ ವಿದ್ಯಾರ್ಥಿಯೊಬ್ಬ ತಾನು ಒಬ್ಬ ಯುವತಿಯನ್ನು ಕೊಲ್ಲುವೆನೆಂದು ಚಿಕಿತ್ಸಕನಿಗೆ ಹೇಳಿದ್ದ, ಚಿಕಿತ್ಸಕ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದರೂ ಆ ಯುವತಿಗಾಗಲಿ ಆಕೆಯ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ, ಆಕೆಯ ಕೊಲೆಯಾಯಿತು. ಅಪಾಯಕ್ಕೆ ಒಳಗಾಗುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗಿದೆ ಎಂದು ಅಲ್ಲಿನ ನ್ಯಾಯಾಲಯ 1976ರಲ್ಲಿ ಹೇಳಿತು. ಅಷ್ಟು ಗಂಭೀರವಾದ ಅಪಾಯಕ್ಕಾಗಿ ತೆರೆದ ಬಾಗಿಲನ್ನು, ಮಗಳು ಯಾರನ್ನು ಇಷ್ಟಪಟ್ಟಿದ್ದಾಳೆ ಎಂದು ತಿಳಿಯಲು ಬಳಸಬಾರದು.

ನಿಮ್ಮ ಮಗನ ಆಪ್ತಸಮಾಲೋಚಕರು ಹೇಳಬೇಕಾದಲ್ಲಿ ಸುಮ್ಮನಿದ್ದರು, ಈ ಮೇಡಂ ಸುಮ್ಮನಿರಬೇಕಾದಲ್ಲಿ ಮಾತನಾಡಿದರು. ಇಬ್ಬರಿಗೂ ಒಂದೇ ನಿಯಮ ಗೊತ್ತಿತ್ತು.


ಉತ್ತರ 5: ಆಪ್ತಸಮಾಲೋಚಕಿ, ದೇರಳಕಟ್ಟೆ

ಭಾಷೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನನ್ನ ಮನೆಮಾತು ಕನ್ನಡ, ತುಳು ಚೆನ್ನಾಗಿ ಬರುತ್ತದೆ, ಬ್ಯಾರಿ ಅಷ್ಟಕ್ಕಷ್ಟೆ. ಒಮ್ಮೆ ಬ್ಯಾರಿ ಮಾತ್ರ ಬಲ್ಲ ಗೃಹಿಣಿಯೊಬ್ಬರು ನಾದಿನಿಯ ಜೊತೆ ಬಂದರು. ನಾದಿನಿಯೇ ಅನುವಾದಿಸಿದರು. ಅರ್ಧ ಗಂಟೆಯ ಮಾತು ಸುಗಮವಾಗಿ ನಡೆಯಿತೆಂದು ನಾನು ಸಮಾಧಾನಪಟ್ಟಿದ್ದೆ. ಹೊರಡುವಾಗ ಆ ಗೃಹಿಣಿ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಆಗ ಸಂಶಯ ಬಂದು, ಬ್ಯಾರಿ ಬಲ್ಲ ಸಹೋದ್ಯೋಗಿಯ ಬಳಿಗೆ ಮರುದಿನ ಕಳುಹಿಸಿದೆ. ಅವರಿಗಿದ್ದ ದುಃಖದ ಮೂಲ ಆ ನಾದಿನಿಯ ಮನೆಯಲ್ಲೇ ಇತ್ತು. ನನಗೆ ಬಾರದ ಭಾಷೆಯಲ್ಲಿ ಕೆಲಸ ಮಾಡಲು ಒಪ್ಪಿಕೊಂಡದ್ದೂ, ಮನೆಯವರನ್ನೇ ದುಭಾಷಿಯಾಗಿ ಕೂರಿಸಿದ್ದೂ ನೀತಿಯ ತಪ್ಪುಗಳೇ ಎಂದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ಅನುಕೂಲವೆಂದಷ್ಟೇ ತೋರಿತ್ತು.

ನಾವು ಐದು ಮಂದಿ ತಿಂಗಳಿಗೊಮ್ಮೆ ಸೇರಿ, ಹೆಸರು, ಊರು ಹೇಳದೆ ಇಂತಹ ಸಂಗತಿಗಳನ್ನು ಮುಂದಿಡುತ್ತೇವೆ. ಒಬ್ಬರು ತಂದೆಯಾಗಿಯೋ ಪ್ರಾಂಶುಪಾಲರಾಗಿಯೋ ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸಬೇಕು. ಮೊದಲ ಸಲ ನಾವೆಲ್ಲರೂ ಎರಡನೆಯ ಪ್ರಶ್ನೆಯೊಳಗೆ ಸಿಕ್ಕಿಬಿದ್ದೆವು. ಪ್ರಶ್ನೆ ಕೇಳಿದ ಅಕ್ಕ ಬರುವುದಾದರೆ ದಯವಿಟ್ಟು ಬನ್ನಿ.


ಉತ್ತರ 6: ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಾಯಿಯೊಬ್ಬರು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಸೂಪರ್‌ವೈಸರ್ ನನಗಿಲ್ಲ, ನಾಲ್ಕು ವರ್ಷದಲ್ಲಿ ಆ ಕೊರತೆಯೇ ನನಗೆ ಕಾಣಲಿಲ್ಲ. ದೇರಳಕಟ್ಟೆಯ ಗುಂಪಿಗೆ ಖಂಡಿತ ಬರುತ್ತೇನೆ.

ಸೋಮವಾರ ಪ್ರಾಂಶುಪಾಲರನ್ನು ಭೇಟಿಯಾಗಲು ಸಮಯ ಕೇಳಿದ್ದೇನೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಯ ಬಳಿಕ ಆಡಳಿತ ಮಂಡಳಿಯೂ ಈ ವಿಷಯದಲ್ಲಿ ಆಸಕ್ತಿ ತೋರಿಸುತ್ತಿದೆ. ಹಾಗಾಗಿ ಗೌಪ್ಯತೆಯ ಬಗ್ಗೆ ಲಿಖಿತ ಒಪ್ಪಂದ ಕೇಳಲು ಇದು ಸಕಾಲವೆಂದುಕೊಂಡಿದ್ದೇನೆ. ನನ್ನ ಕರಡು ಹೀಗಿದೆ: "ಸಮಾಲೋಚನೆಗೆ ಬರುವ ವಿದ್ಯಾರ್ಥಿಗಳ ಹೆಸರನ್ನಾಗಲಿ ಅವರ ಮಾತನ್ನಾಗಲಿ ಸಂಸ್ಥೆಗೂ ಪೋಷಕರಿಗೂ ತಿಳಿಸಲಾಗುವುದಿಲ್ಲ. ವಿಶೇಷ ಸಂದರ್ಭಗಳಲ್ಲಿ ಇದಕ್ಕೆ ವಿನಾಯಿತಿ ಇರುತ್ತದೆ. ತಿಂಗಳ ವರದಿಯಲ್ಲಿ ಭೇಟಿಗಳ ಸಂಖ್ಯೆಯನ್ನು ಮಾತ್ರ ನೀಡಲಾಗುವುದು."

ಆ ವಿದ್ಯಾರ್ಥಿನಿಯನ್ನು ನಾನಾಗಿ ಸಂಪರ್ಕಿಸಬಹುದೇ? ಆಕೆಯ ಫೋನ್ ಈಗ ಯಾರ ಕೈಯಲ್ಲಿದೆ ಎಂದು ಗೊತ್ತಿಲ್ಲ. ಪರೀಕ್ಷೆಯ ಅರ್ಜಿ ತುಂಬಲು ಆಕೆ ಕಾಲೇಜಿಗೆ ಬರಬೇಕಾಗುತ್ತದೆ.


ಉತ್ತರ 7: ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಉಡುಪಿ

ಫೋನ್ ಮಾಡಬೇಡಿ, ಸಂದೇಶವನ್ನೂ ಕಳುಹಿಸಬೇಡಿ. ಅದನ್ನು ತಂದೆ ಓದಿದರೆ ಎರಡನೆಯ ಸಲ ಆಕೆಯನ್ನು ಸಿಕ್ಕಿಸಿದಂತಾಗುತ್ತದೆ. ಹಾಜರಾತಿ ಕಡಿಮೆಯಾದ ಎಲ್ಲರಿಗೂ ಕಾಲೇಜು ಕಚೇರಿ ಪತ್ರ ಕಳುಹಿಸುವ ಕ್ರಮವಿದ್ದರೆ ಆಕೆಗೂ ಅದು ಹೋಗಲಿ. ಅದರಲ್ಲಿ ನಿಮ್ಮ ಹೆಸರು ಬೇಡ. ಪರೀಕ್ಷೆಯ ಅರ್ಜಿಗೆ ಆಕೆ ಬಂದ ದಿನ, ಆಕೆ ಒಪ್ಪಿದರೆ, ಹತ್ತು ನಿಮಿಷ ಮಾತನಾಡಿ. ಆ ದಿನ ಕೊಠಡಿಯಲ್ಲಿ ಯಾರು ಏನು ಕೇಳಿದರು, ನೀವು ಏನೆಂದಿರಿ ಎಂಬುದನ್ನು ಒಂದಕ್ಷರ ಬಿಡದೆ ಹೇಳಿ. ಅದನ್ನು ತಿಳಿಯುವ ಹಕ್ಕು ಆಕೆಗಿದೆ. ನಿಮ್ಮ ತಪ್ಪನ್ನು ತಪ್ಪೆಂದೇ ಹೇಳಿ, ಆದರೆ ನಿಮಗೆ ಸಮಾಧಾನ ಹೇಳುವ ಹೊರೆಯನ್ನು ಆಕೆಯ ಮೇಲೆ ಹಾಕಬೇಡಿ. ಮನೆಯಲ್ಲಿ ಯಾರಾದರೂ ಕೈ ಮಾಡುತ್ತಿದ್ದಾರೆಯೇ ಎಂದು ನೇರವಾಗಿ ಕೇಳಿ. ನಿಮ್ಮ ಬದಲು ಬೇರೆ ಆಪ್ತಸಮಾಲೋಚಕರು ಬೇಕೆಂದರೆ ಇಬ್ಬರ ಹೆಸರನ್ನು ಮೊದಲೇ ವಿಚಾರಿಸಿ ಸಿದ್ಧವಾಗಿಟ್ಟುಕೊಂಡಿರಿ.

ಕರಡಿನ ಎರಡನೆಯ ವಾಕ್ಯವನ್ನು ಹಾಗೆಯೇ ಬಿಡಬೇಡಿ. "ವಿಶೇಷ ಸಂದರ್ಭ" ಎಂದರೆ ಏನೆಂದು ಮುಂದೆ ಪ್ರಾಂಶುಪಾಲರೇ ನಿರ್ಧರಿಸುತ್ತಾರೆ. ಅದರ ಬದಲು ಹೀಗೆ ಬರೆಯಿರಿ: "ವಿದ್ಯಾರ್ಥಿಯ ಅಥವಾ ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದಾಗ, ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದಾಗ, ನ್ಯಾಯಾಲಯ ಆದೇಶಿಸಿದಾಗ, ಆಪ್ತಸಮಾಲೋಚಕರು ಸಾಧ್ಯವಾದಷ್ಟೂ ವಿದ್ಯಾರ್ಥಿಗೆ ಮೊದಲು ತಿಳಿಸಿ, ಅಗತ್ಯವಿದ್ದಷ್ಟನ್ನು ಮಾತ್ರ, ಸಂಬಂಧಪಟ್ಟವರಿಗೆ ಮಾತ್ರ ಹೇಳುತ್ತಾರೆ." ವಕೀಲರು ಒಮ್ಮೆ ನೋಡಿ ತಿದ್ದಿಕೊಟ್ಟರೆ ಉತ್ತಮ. ಈ ಒಪ್ಪಂದದ ಪ್ರತಿಯನ್ನು ನಿಮ್ಮ ಕೊಠಡಿಯ ಬಾಗಿಲ ಹೊರಗೆ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಹಾಕಿ. ಒಳಗೆ ಬಂದು ಕುಳಿತ ಮೇಲೆ ಓದುವುದಕ್ಕಿಂತ, ಬರಬೇಕೋ ಬೇಡವೋ ಎಂದು ಯೋಚಿಸುವಾಗ ಓದಲಿ.